ಅತ್ತೆಯ ಒಂಟಿ ಹಲ್ಲಿನ ಅರ್ಜಿ

ನಿಜ ಹೇಳಿದ್ದಕ್ಕೆ ನಿಮ್ಮ ಮನೆಯಲ್ಲಿ ಯಾರಾದರೂ ನಿಮ್ಮ ಮೇಲೆ ಎರಡು ವಾರ ಮುನಿಸಿಕೊಂಡಿದ್ದಾರೆಯೇ? ನಮ್ಮತ್ತೆ ಮುನಿಸಿಕೊಂಡಿದ್ದರು. ಅವರ ಕಡೆ ನ್ಯಾಯವೂ ಇತ್ತು.

ನಡೆದದ್ದು ಇಷ್ಟು. ಕಲ್ಯಾಣ ನಗರದ ನಮ್ಮ ಮನೆಗೆ ಹತ್ತಿರದ ವಿಮಾ ಚಿಕಿತ್ಸಾಲಯದ ಕೌಂಟರಿನ ಮುಂದೆ ನಾನೂ ಅತ್ತೆಯೂ ನಿಂತಿದ್ದೆವು. ಒಳಗಿದ್ದ ಗುಮಾಸ್ತರು (ಕಿವಿಯ ಮೇಲೆ ಒಂದು ಪೆನ್ನು, ಜೇಬಿನಲ್ಲಿ ಎರಡು, ಬರೆಯಲು ಮಾತ್ರ ನನ್ನದು ಬೇಕು) ಚೀಟಿ ಬರೆಯುತ್ತಾ ಕೇಳಿದರು. "ಅಜ್ಜಿಗೆ ಹಲ್ಲು ಇದಾವಾ?"

ಅತ್ತೆ ಬಾಯಗಲಿಸಿ ನಕ್ಕರು. ಮೇಲೆ ವಸಡು, ಕೆಳಗೆ ವಸಡು, ನಡುವೆ ಎಲೆ ಅಡಿಕೆಯ ಕೆಂಪು. ಅದಕ್ಕಿಂತ ಸ್ಪಷ್ಟವಾದ ಉತ್ತರ ಬೇಕೇ? ಗುಮಾಸ್ತರು 'ಹಲ್ಲು' ಎಂಬ ಸಾಲಿನ ಮುಂದೆ 'ಇಲ್ಲ' ಎಂದು ಬರೆದರು.

ಆಗ ನಾನು ಕೈ ಎತ್ತಿದೆ. ಹೌದು, ಐವತ್ತು ದಾಟಿದ ಹೆಂಗಸು, ತರಕಾರಿ ಚೀಲ ನೇತುಹಾಕಿಕೊಂಡಿದ್ದ ಕೈಯನ್ನೇ ಎತ್ತಿ, "ಸರ್, ಹಿಂದೆ ಒಂದಿದೆ" ಎಂದೆ.

ಗುಮಾಸ್ತರು ನನ್ನನ್ನು ನೋಡಿದ ನೋಟದಲ್ಲಿ ಕೋಪವಿರಲಿಲ್ಲ, ಕನಿಕರವಿತ್ತು. "ನಾನೇನು ಬಗ್ಗಿ ನೋಡಿದ್ನಾ ಮೇಡಂ?" ಎಂದರು ಮೆಲ್ಲಗೆ. ನಾನು ಮತ್ತೆ, "ಆದ್ರೂ ಇದೆಯಲ್ಲಾ ಸರ್" ಎಂದೆ. ಅವರು 'ಇಲ್ಲ'ಕ್ಕೆ ಅಡ್ಡಗೆರೆ ಎಳೆದು '1' ಎಂದು ಬರೆದರು. ಸೀಲು ಒತ್ತಿದರು.

ಹೊರಗೆ ಬಂದ ಮೇಲೆ ಅತ್ತೆ ಕೇಳಿದ್ದು ಒಂದೇ ಮಾತು. "ಅಲ್ಲ ಕಣಮ್ಮಿ, ಅವನು ಕೇಳಿದ್ದು ನನ್ನನ್ನ. ನಿಂಗ್ಯಾಕೆ ಬೇಕಿತ್ತು?"

ನನಗೆ ಯಾಕೆ ಬೇಕಿತ್ತು? ಕಾಕ್ಸ್ ಟೌನಿನ ಕಾನ್ವೆಂಟಿನಲ್ಲಿ ಹತ್ತು ವರ್ಷ ಓದಿದವಳ ಕೈ ತಾನಾಗಿಯೇ ಮೇಲೇಳುತ್ತದೆ. ಲೆಕ್ಕದ ಪೇಪರಿನಲ್ಲಿ ಟೀಚರು ತಪ್ಪಿ ಒಂದು ಮಾರ್ಕು ಹೆಚ್ಚು ಕೊಟ್ಟರೆ ಎದ್ದು ನಿಂತು ಹೇಳಬೇಕು ಎಂದು ಕಲಿಸಿದ ಶಾಲೆ ಅದು. ಆ ಒಂದು ಮಾರ್ಕನ್ನು ನಾನು ವಾಪಸ್ಸು ಕೊಟ್ಟಿದ್ದೇನೆ ಕೂಡ. ಈಗ ಅತ್ತೆಯ ಇಡೀ ಬಾಯಿಯನ್ನೇ ವಾಪಸ್ಸು ಕೊಟ್ಟು ಬಂದಿದ್ದೆ.

ಹಿನ್ನೆಲೆ ಹೇಳದೆ ಹೋದರೆ ನಿಮಗೂ ಸಿಟ್ಟು ಬರುತ್ತದೆ. ನಮ್ಮ ಯಜಮಾನರಿಗೆ ಕೆ.ಆರ್. ಪುರದ ಆಚೆ ಒಂದು ಯಂತ್ರದ ಬಿಡಿಭಾಗಗಳ ಕಾರ್ಖಾನೆಯಲ್ಲಿ ಕೆಲಸ. ತಿಂಗಳು ತಿಂಗಳು ಸಂಬಳದಲ್ಲಿ ಇಷ್ಟು ಎಂದು ಸರ್ಕಾರಿ ವಿಮೆಗೆ ಹೋಗುತ್ತದೆ. ಅದರ ಕಾರ್ಡಿನಲ್ಲಿ ಅವರಿದ್ದಾರೆ, ನಾನಿದ್ದೇನೆ, ಅವರ ತಾಯಿ ಚಿಕ್ಕಮುನಿಯಮ್ಮನವರಿದ್ದಾರೆ. ಇಷ್ಟು ವರ್ಷದಲ್ಲಿ ಆ ಕಾರ್ಡಿನಿಂದ ನಾವು ತಂದದ್ದು ಏನು? ಕೆಮ್ಮಿನ ಔಷಧಿ. ಅದನ್ನೂ ಮನೆಯಿಂದ ಬಾಟಲಿ ಒಯ್ದು.

ಹೃದಯಕ್ಕೆ ವಿಮೆ ಇದೆ ಎಂದರೆ ನಾವು ನಂಬುತ್ತೇವೆ. ಕಿಡ್ನಿಗೆ ಇದೆ ಎಂದರೂ ನಂಬುತ್ತೇವೆ. ಹಲ್ಲಿಗೆ ಇದೆ ಎಂದರೆ ಮಾತ್ರ ಯಾಕೋ ನಗು ಬರುತ್ತದೆ. ಹಲ್ಲು ದೇಹದ ಭಾಗವಲ್ಲವೇ? ಅದು ಒಡವೆಯ ಲೆಕ್ಕವೇ? ಯಜಮಾನರಂತೂ, "ನಮ್ಮ ಮನೇಲಿ ಮುದ್ದೆ ನುಂಗೋದು. ನುಂಗೋಕೆ ಹಲ್ಲು ಯಾಕೆ?" ಎಂದು ಹತ್ತು ವರ್ಷದಿಂದ ಹೇಳಿಕೊಂಡೇ ಬಂದಿದ್ದರು. (ತಮ್ಮ ಹಲ್ಲು ಜುಮ್ಮೆಂದಾಗ ಅದೇ ಸಂಜೆ ಕ್ಲಿನಿಕ್ಕಿಗೆ ಓಡಿದ್ದನ್ನು ನಾನು ನೆನಪಿಸಲಿಲ್ಲ. ನಾನು ಸಾಧು.)

ಆದರೆ ಅತ್ತೆಗೆ ಆಸೆಯಿತ್ತು. ದೊಡ್ಡದೇನಲ್ಲ. ಸೀಬೆಕಾಯಿ. ಈಗ ರಿಂಗ್ ರೋಡಿನ ಫ್ಲೈಓವರ್ ಇಳಿಯುವಲ್ಲಿ ಒಂದು ಕಾಲಕ್ಕೆ ಅವರ ಮಾವನವರ ತೋಟವಿತ್ತಂತೆ. ಬದುವಿನ ಸೀಬೆ ಮರದ ಕಾಯನ್ನು ಕಿತ್ತು, ಸೆರಗಿಗೆ ಉಜ್ಜಿ, ಹಾಗೇ ಕಚ್ಚುತ್ತಿದ್ದವರು. ಟಿನ್ ಫ್ಯಾಕ್ಟರಿ ಸ್ಟಾಪಿನಲ್ಲಿ ಬಸ್ಸು ಬದಲಿಸುವಾಗಲೆಲ್ಲ ಉಪ್ಪುಖಾರ ಹಚ್ಚಿದ ಸೀಬೆಯ ಗಾಡಿಯ ಮುಂದೆ ಅವರ ನಡಿಗೆ ನಿಧಾನವಾಗುತ್ತಿತ್ತು. ಕೇಳುತ್ತಿರಲಿಲ್ಲ. ನಿಧಾನವಾಗುತ್ತಿದ್ದರು, ಅಷ್ಟೇ. ಅದನ್ನು ನೋಡಿ ನೋಡಿ ಒಂದು ಮಧ್ಯಾಹ್ನ ನಾನು ಕಾರ್ಡಿನ ಜೊತೆ ಬಂದಿದ್ದ ನಿಯಮಗಳ ಪುಸ್ತಕವನ್ನು ಬೀರುವಿನಿಂದ ತೆಗೆದೆ. ಅದರ ಪ್ಲಾಸ್ಟಿಕ್ ಕವರನ್ನೇ ಯಾರೂ ಬಿಚ್ಚಿರಲಿಲ್ಲ.

'ದಂತ ಚಿಕಿತ್ಸೆ' ಎಂಬ ಅಧ್ಯಾಯವಿತ್ತು. ಹುಳುಕು ತುಂಬುವುದು ಉಚಿತ. ಕೀಳುವುದು ಉಚಿತ. ಮುಂದಿನ ಪುಟದಲ್ಲಿ, ನನ್ನ ಕಣ್ಣನ್ನು ನಾನೇ ನಂಬಲಿಲ್ಲ, ಅವಲಂಬಿತ ತಂದೆ ತಾಯಿಗೆ ಪೂರ್ತಿ ಹಲ್ಲಿನ ಸೆಟ್ಟೂ ಉಚಿತ. ಕೆಳಗೆ ಸಣ್ಣಕ್ಷರದಲ್ಲಿ ಒಂದು ಷರತ್ತು: ಬಾಯಿಯಲ್ಲಿ ಯಾವುದೇ ಸ್ವಾಭಾವಿಕ ಹಲ್ಲು ಉಳಿದಿರತಕ್ಕದ್ದಲ್ಲ. ಅರೆಬರೆ ಸೆಟ್ಟು ಅವಲಂಬಿತರಿಗೆ ಅನ್ವಯಿಸತಕ್ಕದ್ದಲ್ಲ.

ನಿಯಮ ನನಗೆ ಗೊತ್ತಿತ್ತು. ಗೊತ್ತಿದ್ದೂ ಕೈ ಎತ್ತಿದೆ. ಈಗ ಅತ್ತೆಯ ಮುನಿಸು ನಿಮಗೆ ಅರ್ಥವಾಗಿರಬೇಕು.

ಆ '1' ಇರುವ ಚೀಟಿ ಹಿಡಿದು ಹಲಸೂರಿನ ಕಡೆಯ ದೊಡ್ಡಾಸ್ಪತ್ರೆಗೆ ಹೋದೆವು. ದಂತ ವಿಭಾಗದ ಹೊರಗಿನ ಬೆಂಚು ನೋಡಬೇಕು ನೀವು. ಎಲ್ಲರೂ ಒಂದೊಂದು ಕೆನ್ನೆ ಹಿಡಿದು ಕೂತಿರುತ್ತಾರೆ, ಏನೋ ದುಃಖದ ಸುದ್ದಿ ಒಟ್ಟಿಗೇ ಕೇಳಿದವರ ಹಾಗೆ. ಒಳಗಿದ್ದ ಕಿರಿಯ ಡಾಕ್ಟರು ನನ್ನ ಮಗಳ ವಯಸ್ಸಿನವಳು. ಚಪ್ಪಲಿಯ ಮೇಲೆ ಪುಟ್ಟ ಪ್ಲಾಸ್ಟಿಕ್ ಸೂರ್ಯಕಾಂತಿ. ಅತ್ತೆಯ ಕೆನ್ನೆಯ ಒಳಗನ್ನೆಲ್ಲ ಲೈಟು ಹಾಕಿ ನಿಧಾನವಾಗಿ ನೋಡಿ, "ಅಡಿಕೆಯಿಂದ ಬಿಳಿ ಕಲೆ ಏನೂ ಆಗಿಲ್ಲ, ಪುಣ್ಯ" ಎಂದಳು. ಆಮೇಲೆ ಪಕ್ಕದಲ್ಲಿ ಬರೆದುಕೊಳ್ಳುತ್ತಿದ್ದ ನರ್ಸಿಗೆ ಹೇಳಿದಳು. "ಕೆಳಗೆ, ಎಡಗಡೆ, ಎಂಟು. ಮಿಕ್ಕಿದ್ದೆಲ್ಲ ನಿಲ್." (ನಡುಹಲ್ಲಿನಿಂದ ಎಣಿಸಿದರೆ ಎಂಟನೆಯದು ಎಂದರ್ಥವಂತೆ.)

"ಅದನ್ನ ಕಿತ್ತಾಕ್ಬಿಡವ್ವ" ಎಂದರು ಅತ್ತೆ. ನನಗೆ ಆಶ್ಚರ್ಯವಾಯಿತು. ಆ ಹಲ್ಲು ಅವರ ಅಡಿಕೆಯ ಹಲ್ಲು, ಮೇಲಿನ ವಸಡಿಗೆ ಒತ್ತಿ ಅಡಿಕೆ ನುರಿಸುವುದು ಅದರಲ್ಲೇ. ಅದು ಹೋದರೆ ಎಲೆ ಅಡಿಕೆಯನ್ನು ಕುಟ್ಟಾಣಿಯಲ್ಲಿ ಜಜ್ಜಿಕೊಂಡು ಬಾಯಿಗೆ ಹಾಕಿಕೊಳ್ಳಬೇಕು. ಕುಟ್ಟಾಣಿ ಹಿಡಿದವಳು ಮುದುಕಿ, ಹಿಡಿಯದವಳು ಅಲ್ಲ, ಇದು ಅವರ ಓರಗಿತ್ತಿಯರ ನಡುವಿನ ಲೆಕ್ಕ. ದೊಡ್ಡ ಓರಗಿತ್ತಿ ಹಿಡಿದಾಗ ನಮ್ಮತ್ತೆ ಆ ಟಕ್ ಟಕ್ ಸದ್ದನ್ನು ಅಣಕಿಸಿ ತೋರಿಸಿದ್ದನ್ನು ನಾನು ಕಂಡಿದ್ದೇನೆ. ಅಂಥವರು ಸೀಬೆಗಾಗಿ ಕುಟ್ಟಾಣಿಗೂ ಒಪ್ಪಿದ್ದರು.

ಡಾಕ್ಟರು ಹಲ್ಲನ್ನು ಅಲ್ಲಾಡಿಸಿ ನೋಡಿದಳು. ಅದು ಅಲ್ಲಾಡಲಿಲ್ಲ. "ಅಜ್ಜಿ, ಕಲ್ಲಿನ ಥರ ಇದೆ. ಚೆನ್ನಾಗಿರೋ ಹಲ್ಲನ್ನ ಕಾರಣ ಇಲ್ಲದೆ ಕೀಳೋ ಹಾಗಿಲ್ಲ. ಅದೂ ರೂಲ್ಸೇ."

"ಕಿತ್ರೆ ತಾನೇ ಸೆಟ್ಟು ಕೊಡೋದು?"

"ಹೌದು."

"ಸೆಟ್ಟು ಬೇಕಂದ್ರೆ ಹಲ್ಲು ಇರಬಾರ್ದು. ಹಲ್ಲು ಚೆನ್ನಾಗೈತೆ ಅಂತ ನೀನು ಕೀಳಂಗಿಲ್ಲ. ಅಲ್ವಾ?"

"ಹೌದು ಅಜ್ಜಿ."

"ಇದನ್ನ ಬರೆದೋನಿಗೆ ಎಷ್ಟು ಹಲ್ಲವ್ವಾ?"

ನರ್ಸು ಗೋಡೆಯ ಕಡೆ ತಿರುಗಿಕೊಂಡು ನಕ್ಕಳು. ಡಾಕ್ಟರೂ ನಕ್ಕು, ಸೆಟ್ಟಿನ ಅರ್ಜಿಯ ಫಾರಂ ಒಂದನ್ನು ನನ್ನ ಕೈಗೆ ಕೊಟ್ಟಳು. "ನೋಡಿ ಆಂಟಿ, ಹಲ್ಲಿನ ನಕ್ಷೆ ಇದೆ. ಉಳಿದಿರೋ ಹಲ್ಲಿನ ಚೌಕಕ್ಕೆ ಗುರುತು ಹಾಕ್ಬೇಕು. ಒಂದು ಗುರುತು ಇದ್ರೂ ಮೇಲಿನ ಆಫೀಸಿಂದ ವಾಪಸ್ ಬರುತ್ತೆ. ನಾನೇನು ಮಾಡ್ಲಿ ಹೇಳಿ?"

ಬೆಂಚಿಗೆ ಬಂದು ಕೂತೆವು. ಪಕ್ಕದಲ್ಲಿ ಶಿವಾಜಿನಗರದ ಬಾಷಾ ಸಾಬರು, ಸ್ಕೂಟರ್ ಮೆಕ್ಯಾನಿಕ್ಕಾಗಿದ್ದವರು, ಮಗನ ಕಾರ್ಡಿನಲ್ಲಿ ಬಂದವರು. ಅವರದೂ ಇದೇ ಕಥೆ, ಒಂದೇ ಹಲ್ಲು. ವಿಷಯ ಕೇಳಿದ್ದೇ ತಡ, ಸಲಹೆ ಶುರುವಾಯಿತು.

"ಅಮ್ಮಾ, ಕಬ್ಬು ಕಡೀರಿ. ಅಲ್ಲಾಡ್ತದೆ."

"ಕಬ್ಬು ಕಡಿಯೋಕೆ ಜೊತೆಗೆ ಇನ್ನೊಂದು ಹಲ್ಲು ಬೇಕಲ್ಲಪ್ಪ."

"ಅದೂ ಸಹೀ ಬಾತ್." ಸಾಬರು ಯೋಚಿಸಿದರು. "ನಮ್ದು ಮುಂದಗಡೆ. ಸ್ಪ್ಯಾನರ್ ಹಾಕಿ ತೆಗೀತೀನಿ ಅಂದೆ, ಬೀವಿ ಸ್ಪ್ಯಾನರ್ ಬಚ್ಚಿಟ್ಟಿದಾಳೆ."

ಇಷ್ಟರಲ್ಲಿ ನಾನೇನು ಮಾಡುತ್ತಿದ್ದೆ? ಫಾರಂ ತುಂಬುತ್ತಿದ್ದೆ. ಉಪಯೋಗವಿಲ್ಲ ಎಂದು ಗೊತ್ತಿದ್ದರೂ ತುಂಬುತ್ತಿದ್ದೆ. ಖಾಲಿ ಕಾಗದ ವಾಪಸ್ಸು ಕೊಡಬಾರದು ಎಂಬುದು ನಮ್ಮ ಕಾನ್ವೆಂಟಿನ ಸಿಸ್ಟರ್ ಕಲಿಸಿದ ಇನ್ನೊಂದು ಪಾಠ. (ಬಿಡಿ, ಇದು ಕಾಯಿಲೆಯೇ.) ಹೆಸರು, ವಯಸ್ಸು, ಕಾರ್ಡಿನ ನಂಬರು, ಎಲ್ಲ ದಪ್ಪಕ್ಷರದಲ್ಲಿ. ಅತ್ತೆ ಓರೆಗಣ್ಣಿನಲ್ಲಿ ನೋಡಿ, "ಇವಳಿಗೆ ಪೇಪರ್ ಒಂದು ಸಿಕ್ರೆ ಸಾಕು" ಎಂದು ಸಾಬರಿಗೆ ಹೇಳಿದರು.

ಕೊನೆಗೆ ನಕ್ಷೆ ಬಂತು. ಮೇಲೊಂದು ಸಾಲು ಚೌಕ, ಕೆಳಗೊಂದು ಸಾಲು, ನಡುವೆ ಉದ್ದಕ್ಕೊಂದು ಗೆರೆ. ಕೆಳಗೆ, ಎಡಗಡೆ, ಎಂಟು. ನಡುಗೆರೆಯಿಂದ ಎಣಿಸುತ್ತಾ ಹೋದೆ. ಒಂದು, ಎರಡು, ಮೂರು. ಏಳಕ್ಕೆ ಚೌಕಗಳು ಮುಗಿದವು. ತಪ್ಪಿರಬೇಕು ಎಂದು ಮತ್ತೆ ಎಣಿಸಿದೆ. ಏಳೇ. ಬಲಗಡೆಯೂ ಏಳು. ಮೇಲೆ ಹದಿನಾಲ್ಕು, ಕೆಳಗೆ ಹದಿನಾಲ್ಕು. ಮನುಷ್ಯರಿಗೆ ಮೂವತ್ತೆರಡು ಹಲ್ಲು ಎಂದು ನಮಗೆಲ್ಲ ಬಾಯಿಪಾಠ. ಸರ್ಕಾರದ ಬಾಯಿಯಲ್ಲಿ ಮಾತ್ರ ಇಪ್ಪತ್ತೆಂಟು.

ಪೆನ್ನು ಕೆಳಗಿಟ್ಟೆ. ಅತ್ತೆಯ ಹಲ್ಲಿಗೆ ಈ ಕಾಗದದಲ್ಲಿ ಜಾಗವೇ ಇಲ್ಲ. ಗುರುತು ಹಾಕಬೇಕೆಂದರೆ ಎಲ್ಲಿ ಹಾಕಲಿ? ಅಂಚಿನಲ್ಲಿ ಹಾಕಲೇ? 'ಗುರುತನ್ನು ಚೌಕದ ಹೊರಗೆ ಹಾಕತಕ್ಕದ್ದಲ್ಲ' ಎಂದು ಅಲ್ಲೇ ಅಚ್ಚಾಗಿದೆ.

ಸರದಿಯನ್ನೂ ಲೆಕ್ಕಿಸದೆ ಒಳಗೆ ಹೋದೆ. (ಜೀವನದಲ್ಲಿ ಮೊದಲ ಸಲ. ಕ್ಷಮೆ ಕೇಳಿಕೊಂಡೇ ಹೋದೆ.) "ಡಾಕ್ಟರ್, ಎಂಟನೇ ಹಲ್ಲಿಗೆ ಚೌಕ ಯಾವುದು?"

ಅವಳು ಫಾರಂ ನೋಡಿದಳು. ಬೆರಳಿಟ್ಟು ಎಣಿಸಿದಳು. ಇನ್ನೊಂದು ಸಲ ಎಣಿಸಿದಳು. "ದಿನಾ ಈ ಫಾರಂ ಕೊಡ್ತೀನಿ ಆಂಟಿ, ಯಾವತ್ತೂ ಎಣಿಸಿರ್ಲಿಲ್ಲ" ಎಂದವಳೇ ಅದನ್ನು ಹಿಡಿದು ಒಳಕೋಣೆಯ ದೊಡ್ಡ ಡಾಕ್ಟರ ಹತ್ತಿರ ಓಡಿದಳು. ಸೂರ್ಯಕಾಂತಿಗಳು ನೆಲದ ಮೇಲೆ ಪಟಪಟ ಹಾರಿದವು, ಅವುಗಳ ಹಿಂದೆ ನಾನು.

ದೊಡ್ಡ ಡಾಕ್ಟರು ನಿವೃತ್ತಿಗೆ ಹತ್ತಿರವಿದ್ದ ಹೆಂಗಸು. ಕನ್ನಡಕ ತಲೆಯ ಮೇಲೆ, ಇನ್ನೊಂದು ಕನ್ನಡಕ ಕೊರಳಲ್ಲಿ. ಅವರೂ ಎಣಿಸಿದರು. ಒಂದು ಸರ್ಕಾರಿ ಕಾಗದದ ಮೇಲೆ ಮೂರು ಜನ ಹೆಂಗಸರು ಬಗ್ಗಿ, ಒಂದು ಎರಡು ಮೂರು ಎಂದು ಹಲ್ಲೆಣಿಸುವ ದೃಶ್ಯ. ಬಾಗಿಲಲ್ಲಿ ಅತ್ತೆ, ಅವರ ಹಿಂದೆ ಬಾಷಾ ಸಾಬರು.

"ನಾವು ಕಟ್ಟೋ ಸೆಟ್ಟಲ್ಲಿ ಇರೋದೇ ಇಪ್ಪತ್ತೆಂಟು" ಎಂದರು ದೊಡ್ಡ ಡಾಕ್ಟರು ನಿಧಾನವಾಗಿ. "ಕೊನೇ ದವಡೆ ಹಲ್ಲನ್ನ ಯಾರೂ ಕಟ್ಟಲ್ಲ. ಅದಕ್ಕೇ ನಕ್ಷೇಲಿ ಇಲ್ಲ. ಅಂದ್ರೆ ಸೆಟ್ಟು ಕೂರೋ ಜಾಗ ಪೂರ್ತಿ ಖಾಲಿ. ಆ ಹಲ್ಲು ಅದರ ಪಾಡಿಗೆ ಹಿಂದೆ ಇರಲಿ, ನಮಗೇನೂ ಅಡ್ಡಿ ಇಲ್ಲ."

"ಆದ್ರೆ ಪುಸ್ತಕದಲ್ಲಿ 'ಯಾವುದೇ ಹಲ್ಲು' ಅಂತ ಇದೆ ಮೇಡಂ" ಎಂದೆ.

ಹೌದು. ಮತ್ತೆ ನಾನೇ. ಬಾಗಿಲಿನಿಂದ ಅತ್ತೆ ಬಿಟ್ಟ ನಿಟ್ಟುಸಿರು ಇಂದಿರಾನಗರದವರೆಗೆ ಕೇಳಿಸಿರಬೇಕು.

ದೊಡ್ಡ ಡಾಕ್ಟರು ತಲೆಯ ಮೇಲಿದ್ದ ಕನ್ನಡಕವನ್ನು ಮೂಗಿಗೆ ಇಳಿಸಿ ನನ್ನನ್ನು ನೋಡಿದರು. "ಯಾವ ಸ್ಕೂಲು?" ಎಂದರು. ಹೇಳಿದೆ. "ನಂದೂ ಅಂಥದ್ದೇ ಒಂದು" ಎಂದು ಪೆನ್ನು ತೆಗೆದು ಷರಾ ಬರೆದರು. ಅಂದವಾದ, ಬಲಕ್ಕೆ ಒಂದೇ ಹದಕ್ಕೆ ವಾಲಿದ ಅಕ್ಷರ. 'ನಕ್ಷೆಯ ಪ್ರಕಾರ ಹಲ್ಲು ಇಲ್ಲ. ನಕ್ಷೆಯ ಹೊರಗೆ ಒಂದು ಇದ್ದು, ಅದು ಆರೋಗ್ಯವಾಗಿದೆ. ಸೆಟ್ಟಿಗೆ ಅಡ್ಡಿಯಿಲ್ಲ. ಮಂಜೂರಾತಿಗೆ ಶಿಫಾರಸು.' ಒಂದಕ್ಷರ ಸುಳ್ಳಿಲ್ಲ. ಓದುತ್ತಿದ್ದರೆ ನನಗೆ ಕಣ್ಣಲ್ಲಿ ನೀರು ಬಂತು. ನಿಯಮದೊಳಗೆ ಇಷ್ಟು ಜಾಗ ಇರುತ್ತದೆ ಎಂದು ನಮಗೆ ಯಾರೂ ಕಲಿಸಿರಲಿಲ್ಲವಲ್ಲ?

ಎರಡು ವಾರ ಕಾದೆವು. ಆ ಎರಡು ವಾರವೇ ಮುನಿಸಿನ ವಾರಗಳು. 'ಯಾವುದೇ' ಎಂಬ ಪದವನ್ನು ನಾನು ಮತ್ತೆ ನೆನಪಿಸಿದ್ದು ಮನೆಯಲ್ಲಿ ದೊಡ್ಡ ಅಪರಾಧವಾಗಿತ್ತು. ಮಂಜೂರಾಗಿದೆ ಎಂದು ಫೋನಿಗೆ ಮೆಸೇಜು ಬಂದಾಗ ಅತ್ತೆ ತಾವೇ ಕಾಫಿ ಮಾಡಿ ನನಗೊಂದು ಲೋಟ ಕೊಟ್ಟರು. ಮಾತು ಮಾತ್ರ ಮಾರನೆಯ ದಿನದಿಂದ.

ಆಮೇಲೆ ಅಳತೆ, ಅಚ್ಚು, ಮೇಣ. ಒಟ್ಟು ಐದು ಸಲ ಓಡಾಟ. ನನಗೆ ಇಷ್ಟವಾದದ್ದು ಟ್ರಯಲ್ಲಿನ ದಿನ. ಮೇಣದಲ್ಲಿ ಕೂರಿಸಿದ ಹಲ್ಲನ್ನು ಹಾಕಿ ಎಲ್ಲರನ್ನೂ ಬೆಂಚಿನ ಮೇಲೆ ಸಾಲಾಗಿ ಕೂರಿಸುತ್ತಾರೆ. ಕೈಗೊಂದು ಕನ್ನಡಿ. ಇಡೀ ಸಾಲು ತನ್ನನ್ನು ತಾನೇ ನೋಡಿಕೊಂಡು ಮುಗುಳ್ನಗುತ್ತಿರುತ್ತದೆ. ಇಷ್ಟು ಸಂತೋಷ ನಾನು ಮದುವೆ ಛತ್ರದಲ್ಲೂ ಕಂಡಿಲ್ಲ.

ಅದಕ್ಕೂ ಹಿಂದಿನ ಸಲ ಹೋದಾಗ ಬಣ್ಣ ಆರಿಸಲು ಡಾಕ್ಟರು ಬೀಗದ ಕೈ ಗೊಂಚಲಿನಂಥ ಹಲ್ಲಿನ ಗೊಂಚಲು ತಂದಳು. ಅತ್ತೆ ಕಟ್ಟಕಡೆಯ, ಎಲ್ಲಕ್ಕಿಂತ ಮಬ್ಬಾದ ಬಣ್ಣಕ್ಕೆ ಬೆರಳಿಟ್ಟರು.

"ಅಜ್ಜಿ, ಸ್ವಲ್ಪ ಬಿಳಿ ತಗೊಳ್ಳಿ, ಚೆನ್ನಾಗಿ ಕಾಣುತ್ತೆ."

"ಬೆಳ್ಳಗಿದ್ರೆ ಎಲ್ಲಾ ಯಾರ ಹಲ್ಲು ಅಂತ ಕೇಳ್ತಾರೆ. ಇದಕ್ಕೆ ಇನ್ನಾ ಚೂರು ಕೆಂಪು ಕೂಡ್ಸು. ಎಲೆ ಹಾಕ್ದಂಗೆ ಇರ್ಲಿ."

"ಎಲೆ ಅಡಿಕೆ ಇನ್ಮೇಲೆ ಇಲ್ಲ."

"ದಿನಕ್ಕೊಂದು."

"ಇಲ್ಲ ಅಜ್ಜಿ."

"ಹಬ್ಬಕ್ಕೆ."

ಡಾಕ್ಟರು ನಕ್ಕು ಗೊಂಚಲನ್ನು ಎತ್ತಿಟ್ಟಳು. ಅದನ್ನು ಅತ್ತೆ ಒಪ್ಪಿಗೆ ಎಂದು ತೆಗೆದುಕೊಂಡರು. ನಮ್ಮ ಮನೆಯ ಕ್ಯಾಲೆಂಡರಿನಲ್ಲಿ ಈಗ ಹಬ್ಬಗಳು ಹೆಚ್ಚಾಗಿವೆ.

ಟ್ರಯಲ್ಲಿನ ದಿನ ಕೊನೆಗೆ ನನ್ನ ಕೈಗೆ ಒಂದು ಕಾಗದ ಬಂತು. 'ರೋಗಿಯ ಮುಖಲಕ್ಷಣ ನನಗೆ ಒಪ್ಪಿಗೆಯಾಗಿದೆ.' ಕೆಳಗೆ ಸಂಬಂಧಿಕರ ಸಹಿ. ಮೂವತ್ತು ವರ್ಷ ಸೊಸೆಯಾಗಿದ್ದೇನೆ. ಅತ್ತೆಯ ಮುಖ ನಿನಗೆ ಒಪ್ಪಿಗೆಯೇನಮ್ಮ ಎಂದು ಯಾರೂ, ಒಂದು ದಿನವೂ ಕೇಳಿರಲಿಲ್ಲ. ಈಗ ಸರ್ಕಾರ ಲಿಖಿತವಾಗಿ ಕೇಳುತ್ತಿದೆ. ನಾನು ಪೆನ್ನಿನ ಮುಚ್ಚಳವನ್ನು ಬಹಳ ನಿಧಾನವಾಗಿ ತೆಗೆದೆ. ಅತ್ತೆ ಕನ್ನಡಿಯ ಮೇಲಿನಿಂದ ನನ್ನನ್ನೇ ನೋಡುತ್ತಿದ್ದರು. ಮೇಣದ ಹಲ್ಲು ಬೀಳಬಾರದೆಂದು ತುಟಿ ಬಿಗಿಹಿಡಿದಿದ್ದರು, ಹಾಗಾಗಿ ಬೈಯುವಂತಿರಲಿಲ್ಲ. ಆ ಸುಖವನ್ನು ಅರ್ಧ ನಿಮಿಷ ಅನುಭವಿಸಿ ಸಹಿ ಹಾಕಿದೆ.

ಬಾಷಾ ಸಾಬರ ವಿಷಯ ಹೇಳದಿದ್ದರೆ ತಪ್ಪಾಗುತ್ತದೆ. ಗೆದ್ದ ಹುಮ್ಮಸ್ಸಿನಲ್ಲಿ ಅವರ ಫಾರಮ್ಮನ್ನೂ ನಾನೇ ಇಸಿದುಕೊಂಡು ಎಣಿಸಿದ್ದೆ. ಅವರದು ಮುಂದಿನ ಹಲ್ಲು. ಅದಕ್ಕೆ ನಕ್ಷೆಯಲ್ಲಿ ಚೌಕ ಇದೆ, ಒಳ್ಳೆಯ ದೊಡ್ಡ ಚೌಕ. ಒಂದೇ ಒಂದು ಹಲ್ಲು, ಹಿಂದಿದ್ದರೆ ಹಕ್ಕು ಉಂಟು, ಮುಂದಿದ್ದರೆ ಇಲ್ಲ. ಇದು ಯಾವ ನ್ಯಾಯ? ದೊಡ್ಡ ಡಾಕ್ಟರು ಅವರ ಉದಾಹರಣೆ ಕೊಟ್ಟೇ, ಈ ನಿಯಮ ಬದಲಾಗಬೇಕು ಎಂದು ಮೇಲಿನ ಆಫೀಸಿಗೆ ಪತ್ರ ಬರೆದಿದ್ದಾರೆ. ಸಾಬರನ್ನು ಕೇಳಿದರೆ, "ಲೆಟರ್ ಮೊದ್ಲು ಬರ್ತದಾ, ಹಲ್ಲು ಮೊದ್ಲು ಬೀಳ್ತದಾ, ನೋಡೋಣ ಬೆಹನ್" ಎಂದರು. ನಗುತ್ತಲೇ ಎಂದರು. ನನಗೆ ನಗು ಪೂರ್ತಿ ಬರಲಿಲ್ಲ.

ಕಳೆದ ವಾರ ಸೆಟ್ಟು ಕೈಗೆ ಬಂತು. ಮೊದಲ ತಿಂಗಳು ಗಟ್ಟಿ ಪದಾರ್ಥ ಬೇಡ ಎಂದು ಡಾಕ್ಟರು ಹೇಳಿದ ಮಾತು ಟಿನ್ ಫ್ಯಾಕ್ಟರಿಯವರೆಗೂ ಬಾಳಲಿಲ್ಲ. ಗಾಡಿಯವನಿಂದ ಸೀಬೆಯನ್ನು ವೀಳ್ಯದೆಲೆಯಷ್ಟು ತೆಳ್ಳಗೆ ಹೆಚ್ಚಿಸಿ, ಬೀಜ ತೆಗೆಸಿ, ಒಂದು ಹೋಳು ಕೊಟ್ಟೆ. ಅತ್ತೆ ಕಚ್ಚಿದರು. ಬಸ್ಸುಗಳ ಹಾರ್ನಿನ ನಡುವೆಯೂ ಆ 'ಕರಕ್' ನನಗೆ ಕೇಳಿಸಿತು. ಕಣ್ಣು ಮುಚ್ಚಿಕೊಂಡರು. ಅಗಿದರು. ನುಂಗಲಿಲ್ಲ, ಅಗಿಯುತ್ತಲೇ ಇದ್ದರು. ನಮ್ಮ ಬಸ್ಸು ಬಂತು, ಹೋಯಿತು. ಎರಡನೆಯದೂ ಹೋಯಿತು. ನಾವಿಬ್ಬರೂ ನಿಂತೇ ಇದ್ದೆವು, ನಾನು ಸುಮ್ಮಸುಮ್ಮನೆ ನಗುತ್ತಾ.

ಮೂರನೆಯ ಬಸ್ಸಿನಲ್ಲಿ ಸೀಟು ಸಿಕ್ಕಿತು. ಸೆಟ್ಟಿನ ಡಬ್ಬಿಯ ಜೊತೆ ಕೊಟ್ಟಿದ್ದ ಸೂಚನೆಗಳ ಹಾಳೆಯನ್ನು ಓದಿ ಹೇಳುತ್ತಿದ್ದೆ. ಮಲಗುವಾಗ ತೆಗೆದಿಡಿ. ನೀರಿನಲ್ಲಿಡಿ. ಬಿಸಿನೀರು ಬೇಡ. ಐದು ವರ್ಷದ ನಂತರ ಮತ್ತೆ ಪರೀಕ್ಷೆ ಮಾಡಿಸಿ ಹೊಸ ಸೆಟ್ಟು ಪಡೆಯಬಹುದು. ಅತ್ತೆ ಕಿಟಕಿಯಿಂದ ಮುಖ ತಿರುಗಿಸಿ, ಹೊಸ ಹಲ್ಲು ಪೂರ್ತಿ ಕಾಣುವಂತೆ ನಕ್ಕು ಕೇಳಿದರು.

"ಆವಾಗಾದ್ರೂ ನೀನು ಬಾಯಿ ಮುಚ್ಕೊಂಡಿರ್ತೀಯಾ?"